ಚೇಳಿನ ವಿಷ ಸಿಕ್ಕಿತು, ಕೊಳ್ಳುವವರು ಎಲ್ಲಿ?

ಔಷಧ ಪ್ರತಿರೋಧದ ವಿರುದ್ಧದ ರಾಷ್ಟ್ರೀಯ ಕ್ರಿಯಾ ಯೋಜನೆಯ ಎರಡನೇ ಆವೃತ್ತಿ 2025ರ ನವೆಂಬರ್‌ನಲ್ಲಿ ಹೊರಬಂದ ಮೇಲೆ, ಹೊಸ ಆ್ಯಂಟಿಬಯಾಟಿಕ್‌ಗಳ ಹುಡುಕಾಟಕ್ಕೆ ಇನ್ನಷ್ಟು ಹಣ ಬೇಕೆಂಬ ವಾದ ಮತ್ತೆ ಕೇಳಿಬರುತ್ತಿದೆ. ಆ ವಾದಕ್ಕೆ ಚೇಳಿನ ವಿಷದ ಪೆಪ್ಟೈಡ್‌ಗಳು, ಅಂದರೆ ಪುಟ್ಟ ಪ್ರೋಟೀನ್ ತುಣುಕುಗಳು, ಒಳ್ಳೆಯ ಸಾಕ್ಷಿ. ಹಲವು ಮದ್ದುಗಳಿಗೆ ಬಗ್ಗದ ಬ್ಯಾಕ್ಟೀರಿಯಾವನ್ನು ಅವು ಪ್ರಯೋಗಾಲಯದಲ್ಲಿ ಕೊಲ್ಲುತ್ತವೆ. ಸುದ್ದಿಯಾಗಲು ಅಷ್ಟು ಸಾಕು. ನನ್ನ ತಕರಾರು ಇಷ್ಟೇ: ಮುಂದೆ ಹುಟ್ಟುವ ಔಷಧವನ್ನು ಕೊಳ್ಳುವವರು ಯಾರೆಂದು ಇತ್ಯರ್ಥವಾಗದೆ ಹುಡುಕಾಟಕ್ಕೆ ಸುರಿಯುವ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ವಿಜ್ಞಾನದ ತೊಡಕುಗಳೇನೂ ಸಣ್ಣವಲ್ಲ. ಎಂಪರರ್ ಚೇಳಿನ ಸ್ಕಾರ್ಪೀನ್, ಮೆಕ್ಸಿಕೊ ಚೇಳಿನ ಹಡ್ರುರಿನ್ ಎಂಬ ಪೆಪ್ಟೈಡ್‌ಗಳು ವರದಿಯಾಗಿದ್ದು 2000ರಲ್ಲಿ. ಆದರೆ ಇಂದಿಗೂ ಚೇಳಿನ ಒಂದೂ ಪೆಪ್ಟೈಡ್ ಆ್ಯಂಟಿಬಯಾಟಿಕ್ ಆಗಿ ಔಷಧದ ಅಂಗಡಿ ತಲುಪಿಲ್ಲ. ಬ್ಯಾಕ್ಟೀರಿಯಾದ ಪೊರೆ ಹರಿಯುವ ಇವುಗಳಲ್ಲಿ ಹಲವು ನಮ್ಮ ಕೆಂಪು ರಕ್ತಕಣವನ್ನೂ ಒಡೆಯುತ್ತವೆ. ದೇಹದ ಕಿಣ್ವಗಳು ಇವನ್ನು ಬೇಗನೆ ತುಂಡರಿಸುತ್ತವೆ. ಕಪ್ಪೆಯ ಚರ್ಮದ ಮ್ಯಾಗೈನಿನ್ ಎಂಬ ಪೆಪ್ಟೈಡ್ 1987ರಲ್ಲಿ ಇಷ್ಟೇ ಸಂಭ್ರಮ ಹುಟ್ಟಿಸಿತ್ತು. ಅದರಿಂದ ಬಂದ ಪೆಕ್ಸಿಗನಾನ್ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಅನುಮತಿ ಕೊಡಲಿಲ್ಲ. 2016ರ ಪರೀಕ್ಷೆಗಳಲ್ಲೂ ಅದು ಸೋತಿತು.

ಸರಿ, ಈ ತೊಡಕುಗಳೆಲ್ಲ ನಾಳೆಯೇ ಬಗೆಹರಿದವು ಎಂದುಕೊಳ್ಳೋಣ. ಆಮೇಲೆ?

ಅಕೇಯೊಜೆನ್ ಕಂಪನಿಯ ಕಥೆಯನ್ನು ನಮ್ಮ ನೀತಿ ನಿರೂಪಕರು ಓದಬೇಕಾದದ್ದು ಇಲ್ಲಿ. 2002ರಲ್ಲಿ ಶುರುವಾದ ಈ ಅಮೆರಿಕದ ಕಂಪನಿ ಸರ್ಕಾರದ ನೆರವನ್ನೂ ಪಡೆದು ಪ್ಲಾಜೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ರೂಪಿಸಿತು. 2018ರ ಜೂನ್‌ನಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಆ ವರ್ಷದ ಉಳಿದ ತಿಂಗಳುಗಳ ಮಾರಾಟ 10 ಲಕ್ಷ ಡಾಲರ್ ಮುಟ್ಟಲಿಲ್ಲ. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಪ್ಲಾಜೊಮೈಸಿನ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜಗತ್ತಿಗೆ ಅತ್ಯಗತ್ಯವಾದ ಔಷಧ ಅದನ್ನು ತಯಾರಿಸಿದವರನ್ನೇ ಮುಳುಗಿಸಿತ್ತು.

ಔಷಧದಲ್ಲಿ ದೋಷವಿರಲಿಲ್ಲ. ವೈದ್ಯರೂ ತಪ್ಪು ಮಾಡಲಿಲ್ಲ; ಹೊಸ ಆ್ಯಂಟಿಬಯಾಟಿಕ್ ಅನ್ನು ಕೊನೆಯ ಅಸ್ತ್ರವಾಗಿ ಎತ್ತಿಡುವುದೇ ಸರಿ. ಸಕ್ಕರೆ ಕಾಯಿಲೆಯ ಮಾತ್ರೆ ಜೀವನಪೂರ್ತಿ ಮಾರಾಟವಾಗುತ್ತದೆ. ಹೊಸ ಆ್ಯಂಟಿಬಯಾಟಿಕ್ ಹೆಚ್ಚೆಂದರೆ ಒಂದೆರಡು ವಾರ, ಅದೂ ಬೇರೆಲ್ಲ ಸೋತ ಮೇಲೆ. ಬಳಕೆ ಕಡಿಮೆಯಾದಷ್ಟೂ ಸಮಾಜಕ್ಕೆ ಲಾಭ, ತಯಾರಕರಿಗೆ ನಷ್ಟ. ಚೇಳಿನ ಪೆಪ್ಟೈಡ್ ಇದಕ್ಕೆ ಹೊರತಾಗುವುದು ಹೇಗೆ?

ಬ್ರಿಟನ್ 2022ರಲ್ಲಿ ಲೆಕ್ಕವನ್ನೇ ಬದಲಿಸಿತು. ಎರಡು ಆ್ಯಂಟಿಬಯಾಟಿಕ್‌ಗಳಿಗೆ, ಎಷ್ಟು ಬಳಕೆಯಾದರೂ ಸರಿ, ವರ್ಷಕ್ಕೆ ತಲಾ 1 ಕೋಟಿ ಪೌಂಡ್‌ವರೆಗೆ ಚಂದಾ ಕೊಡಲು ಒಪ್ಪಿತು. ಅದು ಶ್ರೀಮಂತರ ಆಟ, ನಮಗೆ ಆಗದು ಎನ್ನುವವರಿದ್ದಾರೆ. ಆದರೆ ಚೀನಾ ಬಿಟ್ಟು ಉಳಿದೆಡೆಯ ಪ್ಲಾಜೊಮೈಸಿನ್ ಹಕ್ಕನ್ನು ದಿವಾಳಿಯಾದ ಕಂಪನಿಯಿಂದ ಕೊಂಡಿದ್ದು ನಮ್ಮದೇ ಸಿಪ್ಲಾದ ಅಂಗಸಂಸ್ಥೆ. ಕ್ಷಯದ ಔಷಧ ಹುಡುಕುತ್ತಿದ್ದ ಆಸ್ಟ್ರಾಜೆನೆಕಾದ ಬೆಂಗಳೂರು ಕೇಂದ್ರ 2014ರಲ್ಲಿ ಮುಚ್ಚಿದಾಗ ಅಲ್ಲಿಂದ ಹೊರಬಂದವರು ಸೇರಿ ಕಟ್ಟಿದ ಆ್ಯಂಟಿಬಯಾಟಿಕ್ ಕಂಪನಿ ಬಗ್‌ವರ್ಕ್ಸ್ ಇದೇ ಊರಿನಲ್ಲಿದೆ. ಇಲ್ಲಿ ವಿಜ್ಞಾನಿಗಳಿಗೆ ಬರವಿಲ್ಲ. ಆದರೆ ಅತಿ ಕಡಿಮೆ ದರ ಕೂಗಿದವರಿಗೆ ಟೆಂಡರ್ ಕೊಡುವ ಸರ್ಕಾರಿ ಖರೀದಿ ಪದ್ಧತಿಯಲ್ಲಿ, ಬಳಸದೆ ಕಾಪಿಡಬೇಕಾದ ಔಷಧಕ್ಕೆ ಜಾಗವೇ ಇಲ್ಲ.

ಆರೋಗ್ಯ ಸಚಿವಾಲಯ ಮೊದಲು ಮಾಡಬೇಕಾದ ಕೆಲಸ ಇದು: ಇಎಸ್‌ಐ, ರೈಲ್ವೆ ಮತ್ತು ಕೇಂದ್ರದ ಆಸ್ಪತ್ರೆಗಳನ್ನು ಒಟ್ಟುಗೂಡಿಸಿ, ಬಳಕೆಯ ಲೆಕ್ಕವಿಲ್ಲದ ವಾರ್ಷಿಕ ಖರೀದಿ ಒಪ್ಪಂದವನ್ನು ಕನಿಷ್ಠ ಒಂದು ಹೊಸ ಆ್ಯಂಟಿಬಯಾಟಿಕ್‌ಗಾದರೂ ಘೋಷಿಸಲಿ. ಚೇಳಿನ ವಿಷಕ್ಕೆ ಅನುದಾನ ಕೇಳುವವರ ಅರ್ಜಿಯನ್ನು ಅದಾದ ಮೇಲೆ ತೆರೆಯಲಿ.