ಅಂಗನವಾಡಿ ಹೈವೇ ಪಕ್ಕಕ್ಕೆ ಬೇಡ

ಅವರೆಕಾಯಿ ಕೀಳೋ ಕೆಲಸ ಜೋರಾಗಿದೆ, ಒಕ್ಕಣೆ ಇನ್ನೂ ಬಾಕಿ. ಹೊಲದ ವಿಚಾರ ಭಾನುವಾರ ಬರೀತೀನಿ, ಇವತ್ತು ಬೇರೆ ಮಾತು. ನಮ್ಮೂರ ಅಂಗನವಾಡಿ ಸೋರ್ತಿದೆ, ಹೊಸದು ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೈವೇಗೆ ಅಂಟಿಕೊಂಡಿರೋ ಜಾಗ ಕೊಡೋಣ, ಎಲ್ಲರ ಕಣ್ಣಿಗೂ ಕಾಣುತ್ತೆ ಅಂತ ಕೆಲವರು ಹೊರಟಿದ್ದಾರೆ. ಕೆರೆ ಕಡೆ ಇರೋ ಜಾಗಕ್ಕೆ ದಾರಿ ಸರಿಯಿಲ್ಲವಂತೆ. ದಾರಿ ಸರಿ ಮಾಡಿಸೋಣ ಅನ್ನೋದು ನನ್ನ ಮಾತು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಹಾಲು ಹಾಕಿ ಬಂದ್ಮೇಲೆ ನಿಧಾನಕ್ಕೆ ಓದಿ.

ಡೈರಿ ಹತ್ರ ಈ ಮಾತೆತ್ತಿದಾಗ ಒಬ್ಬರು ಕೇಳಿದ್ರು: "ಬೆಂಗಳೂರಲ್ಲಿ ಕೋಟಿ ಜನ ಆ ಹೊಗೇಲೇ ಬದುಕ್ತಿಲ್ವಾ? ನಮ್ಮ ಹುಡುಗ್ರು ಹತ್ತು ವರ್ಷದಿಂದ ಅಲ್ಲೇ ಅವ್ರೆ, ಏನಾಯ್ತು?" ಕೇಳಬೇಕಾದ ಪ್ರಶ್ನೇನೇ. ಹತ್ತು ವರ್ಷಕ್ಕೆ ಏನೂ ಕಾಣಲ್ಲ, ತೊಂದರೆ ಇರೋದೇ ಅಲ್ಲಿ.

ಫ್ಲೋರೈಡ್ ನೀರು ಕಂಡವರು ನಾವು, ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಆಳದ ಬೋರ್‌ವೆಲ್ ನೀರು ಕುಡಿದು ಯಾರಾದ್ರೂ ಅವತ್ತೇ ಹಾಸಿಗೆ ಹಿಡಿದ್ರಾ? ನೀರು ತಿಳಿಯಾಗೇ ಇತ್ತು. ಮಕ್ಕಳ ಹಲ್ಲು ಕಂದು ತಿರುಗಿದ್ಮೇಲೆ, ದೊಡ್ಡೋರ ಬೆನ್ನು, ಮಂಡಿ ಬಿಗಿದ್ಮೇಲೆ ಗೊತ್ತಾಗಿದ್ದು. ಆಮೇಲೆ ಫಿಲ್ಟರ್ ನೀರು ಬಂತು, ಕಂದಾದ ಹಲ್ಲು ಬೆಳ್ಳಗಾಗಲಿಲ್ಲ. ಪಟ್ಟಣದ ಗಾಳಿ ಕೆಲಸ ಮಾಡೋದೂ ಇದೇ ಲೆಕ್ಕದಲ್ಲಿ.

ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ, ಜನರೇಟರ್ ಹೊಗೆ, ಇವುಗಳಲ್ಲಿರೋ ಅತಿ ಸಣ್ಣ ಕಣಕ್ಕೆ ಪಿಎಂ 2.5 ಅಂತಾರೆ. ಒಂದು ಮಿಲಿಮೀಟರನ್ನ ಸಾವಿರ ಪಾಲು ಮಾಡಿ, ಅದರಲ್ಲಿ ಎರಡೂವರೆ ಪಾಲಿನಷ್ಟು ಅಥವಾ ಅದಕ್ಕೂ ಚಿಕ್ಕದು. ನಮ್ಮ ತಲೆಕೂದಲು ಇದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಒಕ್ಕಣೆ ಧೂಳು ಬಹುಪಾಲು ಮೂಗಲ್ಲೇ ನಿಲ್ಲುತ್ತೆ, ಸೀನಿದ್ರೆ ಆಚೆ ಬರುತ್ತೆ. ಈ ಕಣ ಹಾಗಲ್ಲ, ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದ ತನಕ ಇಳಿಯುತ್ತೆ, ಅದರಲ್ಲೂ ತೀರಾ ಸಣ್ಣದು ರಕ್ತಕ್ಕೇ ಸೇರುತ್ತೆ. ಅದಕ್ಕೇ ಇದು ಬರೀ ಕೆಮ್ಮು, ದಮ್ಮಿನ ವಿಚಾರ ಅಲ್ಲ. ವರ್ಷಗಟ್ಟಲೆ ರಕ್ತನಾಳದ ಒಳಗೋಡೆಗೆ ಉರಿಯೂತ, ಆಮೇಲೆ ಹಾರ್ಟ್ ಅಟ್ಯಾಕ್, ಲಕ್ವ. ಶ್ವಾಸಕೋಶದ ಕ್ಯಾನ್ಸರ್‌ಗೂ ಇದು ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿಬಿಟ್ಟಿದೆ. ಬೀಡಿ ಮುಟ್ಟದವನಿಗೆ ನಲವತ್ತೈದಕ್ಕೇ ಎದೆ ಹಿಡ್ಕೊಂಡ್ರೆ ನಾವು ಟೆನ್ಷನ್ನು, ಹಣೆಬರಹ ಅಂತೀವಿ. ಗಾಳಿ ಯಾರ ಲೆಕ್ಕಕ್ಕೂ ಬರಲ್ಲ.

ಇದನ್ನ ಪತ್ತೆ ಹಚ್ಚೋಕೂ ವರ್ಷಗಳೇ ಹಿಡಿದ್ವು. ಅಮೆರಿಕದ ಹಾರ್ವರ್ಡ್‌ನವರು ಆರು ಊರುಗಳ 8,000ಕ್ಕೂ ಹೆಚ್ಚು ಜನರ ಜಾಡನ್ನ 14ರಿಂದ 16 ವರ್ಷ ಹಿಡಿದು, 1993ರಲ್ಲಿ ಲೆಕ್ಕ ಕೊಟ್ರು. ಸಿಗರೇಟು ಚಟ, ವಯಸ್ಸು ಎಲ್ಲಾ ಕಳೆದು ನೋಡಿದ್ರೂ, ಹೆಚ್ಚು ಹೊಗೆಯ ಊರಿನವರು ಸಾಯೋ ಪ್ರಮಾಣ ಶುದ್ಧ ಗಾಳಿ ಊರಿಗಿಂತ ಶೇ. 26ರಷ್ಟು ಹೆಚ್ಚಿತ್ತು. ಒಂದು ವರ್ಷ ನೋಡಿ ಕೈ ಬಿಟ್ಟಿದ್ರೆ ಏನೂ ಸಿಗ್ತಿರಲಿಲ್ಲ.

ಇನ್ನೊಂದು ಸಮಾಧಾನ ನಮ್ಮವರದ್ದು: ಡೆಲ್ಲಿಗಿಂತ ಬೆಂಗಳೂರು ವಾಸಿ. ವಾಸಿನೇ, ಇಲ್ಲ ಅನ್ನಲ್ಲ. ಚಳಿಗಾಲದಲ್ಲಿ ಡೆಲ್ಲಿ ಗಾಳಿ ಟಿವಿಗೆ ಬರುತ್ತೆ, ಪಂಜಾಬಿನ ರೈತರ ಮೇಲೆ ಎಲ್ಲರೂ ಎಗರ್ತಾರೆ. ಕೂಳೆ ಸುಡೋದು ಸರಿ ಅಂತ ನಾನು ಹೇಳಲ್ಲ. ಆದ್ರೆ ಅದು ಕೆಲವು ವಾರದ ಮಾತು, ಗಾಡಿ ಹೊಗೆ ವರ್ಷಪೂರ್ತಿ. ದೇಹ ಬರೆದಿಟ್ಟುಕೊಳ್ಳೋದು ವರ್ಷದ ಸರಾಸರೀನ, ಟಿವಿ ತೋರಿಸೋ ಒಂದು ದಿನದ ನಂಬರನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ಪ್ರಕಾರ ಒಂದು ಘನ ಮೀಟರ್ ಗಾಳೀಲಿ ಪಿಎಂ 2.5 ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು. ನಮ್ಮ ದೇಶದ ಮಿತಿ 40. ಬೆಂಗಳೂರಿನದ್ದು ಸುಮಾರು 30. ನಮ್ಮ ಲೆಕ್ಕದಲ್ಲಿ ಪಾಸು, ಅವರ ಲೆಕ್ಕದಲ್ಲಿ ಆರು ಪಟ್ಟು. ಶ್ವಾಸಕೋಶ ಯಾವ ದೇಶದ ಮಿತೀನೂ ಓದಿರಲ್ಲ.

ಈಗ ಮಕ್ಕಳ ವಿಚಾರಕ್ಕೆ ಬರ್ತೀನಿ. ಕ್ಯಾಲಿಫೋರ್ನಿಯಾದಲ್ಲಿ 3,600ಕ್ಕೂ ಹೆಚ್ಚು ಮಕ್ಕಳಿಗೆ ಹತ್ತನೇ ವಯಸ್ಸಿಂದ ಹದಿನೆಂಟರವರೆಗೆ ಯಂತ್ರಕ್ಕೆ ಊದಿಸಿ ಅಳತೆ ತಗೊಂಡ್ರು, 2007ರಲ್ಲಿ ಅದನ್ನ ಪ್ರಕಟಿಸಿದ್ರು. ಹೈವೇಯಿಂದ 500 ಮೀಟರ್ ಒಳಗೆ ಬೆಳೆದ ಮಕ್ಕಳ ಶ್ವಾಸಕೋಶ, 1,500 ಮೀಟರ್ ಆಚೆ ಇದ್ದವರಷ್ಟು ಬೆಳೆದಿರಲಿಲ್ಲ. ಒಟ್ಟಾರೆ ಗಾಳಿ ಚೆನ್ನಾಗಿದ್ದ ಊರಲ್ಲೂ ರಸ್ತೆ ಪಕ್ಕದವರಿಗೆ ಈ ಪೆಟ್ಟು ಬಿದ್ದಿತ್ತು. ನಮ್ಮೂರಲ್ಲಿ ಗಿಡ, ಮರ, ಕೆರೆ ಎಲ್ಲಾ ಇದೆ ಅನ್ನೋರು ಈ ಮಾತನ್ನ ಇನ್ನೊಂದ್ಸಲ ಓದಿ. ಶ್ವಾಸಕೋಶ ಬೆಳೆಯೋದು ಹದಿನೆಂಟು ಇಪ್ಪತ್ತರವರೆಗೆ ಅಷ್ಟೇ. ಪೈರಿನಲ್ಲೇ ಮುರುಟಿದ ರಾಗಿಗೆ ತೆನೆ ಕಾಲದಲ್ಲಿ ಯೂರಿಯಾ ಸುರಿದ್ರೆ ಏನು ಬಂತು?

ನಮ್ಮ ಹೈವೇಲಿ ಅಲ್ಲಿಯಷ್ಟು ಕಾರಿಲ್ಲದೆ ಇರಬಹುದು. ಆದ್ರೆ ಜಲ್ಲಿ ಲಾರಿ, ಕಂಟೇನರ್, ಬಸ್ಸು, ಎಲ್ಲಾ ನಮ್ಮ ಗೇಟ್ ಹತ್ರ ಬ್ರೇಕ್ ಹಾಕಿ, ಮತ್ತೆ ಹೊಗೆ ಬಿಟ್ಟು ಎತ್ಕೊಂಡು ಹೋಗೋದು. ಧನುರ್ಮಾಸದ ಬೆಳಗ್ಗೆ ಮಂಜು ಹೇಗೆ ನೆಲಕ್ಕೇ ಒತ್ಕೊಂಡಿರುತ್ತೆ, ಆ ಹೊಗೇನೂ ಹಾಗೇ ಕೆಳಗೇ ಕೂತಿರುತ್ತೆ, ಸರಿಯಾಗಿ ಮಕ್ಕಳು ಬರೋ ಹೊತ್ತಿಗೆ. ಕೇಂದ್ರದವರ 2019ರ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡ ಇವೆ. ನಮ್ಮಂಥ ರಸ್ತೆ ಬದಿ ಹಳ್ಳಿಗೆ ಗಾಳಿ ಅಳೆಯೋ ಯಂತ್ರಾನೇ ಇಲ್ಲ, ನಂಬರ್ ಬರಲಿ ಅಂತ ಕಾಯ್ತಾ ಕೂರೋಕಾಗುತ್ತಾ?

ಕೆರೆ ಜಾಗ ಹೈವೇಯಿಂದ ಮುಕ್ಕಾಲು ಕಿಲೋಮೀಟರ್ ಇದೆ. ದೂರ ಹೋದಷ್ಟೂ ಹೊಗೆ ಚದುರಿ ತೆಳುವಾಗುತ್ತೆ, ಮೊದಲ ಇನ್ನೂರು ಮುನ್ನೂರು ಮೀಟರಲ್ಲೇ ಬಹಳ ವ್ಯತ್ಯಾಸ. ಗಾಳಿ ಸುಧಾರಿಸಿದ್ರೆ ಫಲ ಸಿಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. ಅದೇ ಕ್ಯಾಲಿಫೋರ್ನಿಯಾದವರು ಕಾನೂನು ಬಿಗಿ ಮಾಡಿ ಗಾಳಿ ಶುದ್ಧವಾದ್ಮೇಲೆ, ಹದಿನೈದರ ವಯಸ್ಸಿಗೆ ಶ್ವಾಸಕೋಶದ ಶಕ್ತಿ ತೀರಾ ಕಡಿಮೆ ಇದ್ದ ಮಕ್ಕಳು ನೂರಕ್ಕೆ ಸುಮಾರು 8 ಇದ್ದಿದ್ದು 4ಕ್ಕಿಂತ ಕೆಳಗೆ ಬಂತು. ನಾಲ್ಕು ಟ್ರ್ಯಾಕ್ಟರ್ ಗ್ರಾವೆಲ್ ಹೊಡೆಸಿ ಒಂದು ಮೋರಿ ಹಾಕಿದ್ರೆ ಕೆರೆ ದಾರಿ ಮುಗೀತು. ಗ್ರಾವೆಲ್ ಹೊಡೆಯೋಕೆ ನನ್ನ ಟ್ರ್ಯಾಕ್ಟರ್ ಒಂದು ದಿನ ಕೊಡ್ತೀನಿ, ಡೀಸೆಲ್ ನಂದೇ.

"ಮನೆ ಒಲೆ ಹೊಗೆ ಏನು ಕಮ್ಮೀನಾ, ಮಲ್ಚಿಂಗ್ ಶೀಟ್ ಬದೂಲಿ ಸುಡ್ತೀರಲ್ಲ" ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತಾರೆ. ಖಂಡಿತ ಕಮ್ಮಿ ಇಲ್ಲ. ಶೀಟ್ ಸುಡೋದನ್ನ ನಾಳೆಯಿಂದಲೇ ನಿಲ್ಲಿಸಬಹುದು, ಸುತ್ತಿಟ್ರೆ ಗುಜರಿಯವರಿಗೆ ಕೇಳಬಹುದು. ಆದ್ರೆ ಒಂದು ಹೊಗೆ ಇದೆ ಅಂತ ಇನ್ನೊಂದನ್ನ ಮೂರು ವರ್ಷದ ಕೂಸಿನ ಮೂಗಿಗೆ ಹಿಡಿಯೋದು ಯಾವ ಲೆಕ್ಕ?

ಬೆಂಗಳೂರಲ್ಲಿರೋ ನಮ್ಮ ಹುಡುಗ್ರ ಬಗ್ಗೆ ಒಂದೆರಡು ಮಾತು. ಟೊಮೊಟೊ, ಹೂವು ತಗೊಂಡು ದಿನಾ ಕೆ.ಆರ್. ಪುರಂ, ಟಿನ್ ಫ್ಯಾಕ್ಟರಿ ದಾಟೋ ಪಿಕಪ್ ಡ್ರೈವರ್‌ಗಳು, ಡೆಲಿವರಿ ಮಾಡೋರು, ಗೇಟಲ್ಲಿ ನಿಲ್ಲೋ ಸೆಕ್ಯುರಿಟಿಯವರು, ಇವರೇ ಜಾಸ್ತಿ ಹೊಗೆ ಕುಡಿಯೋದು. ಮೂಗಿಗೆ ಕರ್ಚೀಫು ಕಟ್ಟಿದ್ರೆ ಮಣ್ಣಿನ ಧೂಳು ನಿಲ್ಲುತ್ತೆ, ಈ ಕಣ ನಿಲ್ಲಲ್ಲ. ಮುಖಕ್ಕೆ ಸರಿಯಾಗಿ ಕೂರೋ ಎನ್95 ಮಾಸ್ಕೇ ಬೇಕು. ರೂಮು ಮಾಡೋವಾಗ ಇನ್ನೂರು ರೂಪಾಯಿ ಹೆಚ್ಚಾದ್ರೂ ಮೇನ್ ರೋಡ್ ಬಿಟ್ಟು ಒಳಗಡೆ ಬೀದೀಲಿ ಮಾಡಲಿ. ಹತ್ತು ವರ್ಷ ದಾಟಿದವರು ಹಬ್ಬಕ್ಕೆ ಊರಿಗೆ ಬಂದಾಗ ಬಿಪಿ, ಶುಗರ್ ನೋಡಿಸಲಿ. ಮೆಟ್ಟಿಲು ಹತ್ತುವಾಗ ಏದುಸಿರು ಬರ್ತಿದ್ರೆ ಡಾಕ್ಟ್ರಿಗೆ ರೋಡಲ್ಲೇ ನನ್ನ ಕೆಲಸ ಅಂತ ಬಾಯಿಬಿಟ್ಟು ಹೇಳಿ, ಸ್ಪೈರೋಮೆಟ್ರಿ ಅನ್ನೋ ಊದೋ ಪರೀಕ್ಷೆ ಮಾಡಿಸಿ ಅಂತ ಕೇಳಲಿ. ಕೇಳದೆ ಅವರಾಗೇ ಬರೆದುಕೊಡೋದು ಕಮ್ಮಿ.