ನಿಲುವುರಾಳ್ಳು: ನೋಡುವ ಮುನ್ನ ಕೇಳಬೇಕಾದ ಹೆಸರು

ಮಕ್ತಲ್ ಸೀಮೆಯಲ್ಲಿ, ಕೃಷ್ಣೆಯ ದಡದ ಮುಡುಮಾಲ್ ಬಯಲಿನಲ್ಲಿ ಸಾವಿರಾರು ವರ್ಷಗಳಿಂದ ನಿಂತಿರುವ ನಿಲಸುಗಲ್ಲುಗಳು 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. 10ರಿಂದ 14 ಅಡಿ ಎತ್ತರದ ಈ ಕಲ್ಲುಗಳ ಸಾಲು ಸೂರ್ಯನ ಅಯನಗತಿಯೊಡನೆ ಹೊಂದುತ್ತದೆಂದೂ, ಅಲ್ಲಿಯ ಒಂದು ಬಂಡೆಯ ಕುಳಿಗಳು ಸಪ್ತರ್ಷಿಮಂಡಲವನ್ನು ಸೂಚಿಸುತ್ತವೆಂದೂ ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ. ಇನ್ನು ಪ್ರವಾಸಿಗರು ಹೆಚ್ಚುವುದು ಸಹಜ. ಅದು ಸ್ವಾಗತಾರ್ಹವೂ ಹೌದು.

ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಅರಿವಿಗೆ ಬಂದಂತಲ್ಲ. ಊರವರು ಈ ಕಲ್ಲುಗಳನ್ನು 'ನಿಲುವುರಾಳ್ಳು' ಎನ್ನುತ್ತಾರೆ. 'ನಿಲುರಾಳ್ಳ ತಿಮ್ಮಪ್ಪ'ನೆಂದು ಕೈಮುಗಿಯುತ್ತಾರೆ. ಒಂದು ಕಲ್ಲನ್ನು ಎಲ್ಲಮ್ಮನೆಂದೇ ಪೂಜಿಸುತ್ತಾರೆ. 'ರಾಳ್ಳು' ತೆಲುಗಿನದು, 'ನಿಲು' ಎಂಬ ಧಾತು ಕನ್ನಡಕ್ಕೂ ತೆಲುಗಿಗೂ ಸಮಾನ. ಎಲ್ಲಮ್ಮನಾದರೋ ಮರಾಠಿ ಮನೆಗಳಲ್ಲಿಯೂ ಆರಾಧ್ಯಳು. ಈ ನೆಲಕ್ಕೆ ನೀರುಣಿಸುವ ಕೃಷ್ಣೆಯೂ, ಸಮೀಪದ ತಂಗಡಿಯ ಬಳಿ ಅವಳನ್ನು ಕೂಡುವ ಭೀಮೆಯೂ ಹುಟ್ಟಿದ್ದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋಗಿ ರಾಯಚೂರು ಮೈಸೂರಿಗೆ, ಮಕ್ತಲ್ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಬದಲಾದರೂ ಇಂಥ ಹೆಸರುಗಳು ಬಾಳಿಬಂದವು.

ಕಲ್ಲನ್ನು ಬೇಲಿ ಹಾಕಿ ಕಾಯಬಹುದು. ಹೆಸರನ್ನು ಕಾಯುವವರು ಅದನ್ನು ಬಲ್ಲ ಹಿರಿಯರು ಮಾತ್ರ. ಅವರು ಇಲ್ಲವಾದ ಮೇಲೆ ಫಲಕದ ನಾಲ್ಕು ಸಾಲುಗಳಷ್ಟೇ ಉಳಿದಾವು. ಆದುದರಿಂದ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಮುಡುಮಾಲಿಗೆ ಹೋದಾಗ ಮೊಬೈಲ್ ಎತ್ತುವ ಮೊದಲು ಟಿಪ್ಪಣಿ ಪುಸ್ತಕವನ್ನು ತೆರೆಯಲಿ. ಯಾವ ಕಲ್ಲಿಗೆ ಯಾವ ಹೆಸರು, ಯಾವ ಹರಕೆ, ಯಾವ ಕಥೆ ಎಂಬುದನ್ನು, ಕನ್ನಡವಿರಲಿ ತೆಲುಗಿರಲಿ, ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಲಿ. ಭಾಷೆಯನ್ನು ಓದುವವರಿಗೆ ಒಪ್ಪುವ ಪ್ರವಾಸ ಇದೇ.