ಕಾಡಿಗೆ ಹೋಗಿದ್ದನ್ನು ವೈದ್ಯರಿಗೂ ಹೇಳಿ

ವಾರವಿಡೀ ಕುರ್ಚಿಗೆ ಅಂಟಿ ಕೂರುವವರು ಬಂಡೀಪುರಕ್ಕೋ ಕುದುರೆಮುಖಕ್ಕೋ ಹೋಗಿ ಎರಡು ದಿನ ಕಾಟಿ, ಜಿಂಕೆ ನೋಡಿಕೊಂಡು ಬಂದರೆ ನಾನು ಬರೆದುಕೊಡುವ ಎಷ್ಟೋ ಮಾತ್ರೆಗಳಿಗಿಂತ ಹೆಚ್ಚು ಗುಣ ಕಾಣುತ್ತದೆ. ಖಂಡಿತ ಹೋಗಿ ಬನ್ನಿ. ನನ್ನ ತಕರಾರು ಇರುವುದು ಬಂದ ಮೇಲಿನ ನಡವಳಿಕೆಯ ಬಗ್ಗೆ. ಕಾಟಿ ಕಂಡ ಕಥೆಯನ್ನು ಊರಿಗೆಲ್ಲ ಹೇಳುವವರು, ವಾರದ ನಂತರ ಜ್ವರ ಬಂದಾಗ ಅದನ್ನು ವೈದ್ಯರಿಗೆ ಮಾತ್ರ ಹೇಳುವುದಿಲ್ಲ!

ಕಾಡೆಂದರೆ ನಮ್ಮ ಜನ ಹೆದರುವುದು ಇಂಬಳಕ್ಕೆ. ಪಾಪ, ಅದು ತುಸು ರಕ್ತ ಕುಡಿದು ತಾನೇ ಬಿದ್ದುಹೋಗುತ್ತದೆ. ಹೆದರಬೇಕಾದದ್ದು ಉಣುಗಿಗೆ. ಅದರ ಮರಿ ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದು ತಿಳಿಯುವುದೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ಅದು ಮಲೆನಾಡಿನವರ ಕಾಯಿಲೆ, ನಮಗೇನು ಎನ್ನುವಂತಿಲ್ಲ. 2012ರಲ್ಲಿ ಬಂಡೀಪುರದಲ್ಲೂ ಮಂಗಗಳು ಸತ್ತವು. ಅವುಗಳ ಕಳೇಬರ ಸುಟ್ಟ ಕೆಲಸಗಾರರಿಗೂ ರೋಗ ತಗುಲಿತು.

ವಾಹನದಿಂದ ಇಳಿಯದೆ ಕಾಡು ಸುತ್ತುವವರಿಗೆ ಅಪಾಯ ತೀರ ಕಡಿಮೆ. ತರಗೆಲೆಯ ಮೇಲೆ ನಡೆಯುವ, ಅಲ್ಲೇ ಕುಳಿತು ಬುತ್ತಿ ಬಿಚ್ಚುವ ಚಾರಣಿಗರು ಡಿಸೆಂಬರ್‌ನಿಂದ ಮೇವರೆಗೆ ಎಚ್ಚರವಾಗಿರಬೇಕು. ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಕಾಡಂಚಿನ ವಸತಿಗೃಹಗಳು ಊಟದ ಪಟ್ಟಿ ಕೊಡುವಾಗಲೇ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರ ಗಂಟೇನೂ ಹೋಗುವುದಿಲ್ಲ.

ಹಿಂದೆ ಕೊಡುತ್ತಿದ್ದ ಲಸಿಕೆ ಅಷ್ಟಾಗಿ ಫಲ ಕೊಡದೆ 2022ರಲ್ಲಿ ನಿಂತಿತು. ಈ ವೈರಸ್ಸನ್ನು ಕೊಲ್ಲುವ ಖಚಿತ ಔಷಧವೂ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿ ಸರಿಯಾದ ಆರೈಕೆ ಸಿಕ್ಕರೆ ಬಹುಪಾಲು ರೋಗಿಗಳು ಉಳಿಯುತ್ತಾರೆ. ಕಾಡಿನಿಂದ ಬಂದ ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ನೋವು, ಮೈಕೈ ನೋವು, ಕೆಂಗಣ್ಣು ಕಾಣಿಸಿದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಕಾಡಿನ ಮತ್ತೊಂದು ಜ್ವರ ಸ್ಕ್ರಬ್ ಟೈಫಸ್. ಅದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ವೈದ್ಯರಿಗೆ ಅದು ಹೊಳೆಯಬೇಕಾದರೆ ನೀವು ಬಾಯಿಬಿಡಬೇಕು. ಎಲ್ಲಿಗೆ, ಯಾವ ದಿನ, ಕಾಲ್ನಡಿಗೆಯಲ್ಲೋ ವಾಹನದಲ್ಲೋ, ಎಲ್ಲವನ್ನೂ ಹೇಳಿ. ಮಂಗನ ಕಾಯಿಲೆಯ ಜ್ವರ ಒಮ್ಮೆ ಇಳಿದು, ಒಂದೆರಡು ವಾರ ಬಿಟ್ಟು ಮತ್ತೆ ಏರುವುದುಂಟು. ಆಗ ತಲೆನೋವು, ನಡುಕ, ಮಂಪರು ಜೊತೆಗಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.